ದಾರಿ ನೋಡುವ ಹೋರಿ

ನಾನು ಮಣ್ಣಿನ ಹೋರಿ. ಅಂಗೈಯಷ್ಟು ಉದ್ದ, ಬೆನ್ನ ಮೇಲೆ ದೊಡ್ಡ ಹಿಣಿಲಿನ ಡುಬ್ಬ, ಒಂದು ಕೊಂಬು ಮುರಿದಿದೆ. ಅಯ್ಯೋ ಪಾಪ ಎನ್ನಬೇಡಿ, ನನಗೆ ಸಿಟ್ಟು ಬರುತ್ತದೆ.

ನನ್ನನ್ನು ಮಾಡಿದವಳು ದನ ಕಾಯುವವರ ಹೆಂಗಸು. ಆಗ ಈ ಸೀಮೆಯಲ್ಲಿ ಕಬ್ಬಿಣ ಇರಲಿಲ್ಲ, ಊರೂ ಇರಲಿಲ್ಲ. ದನ ಇದ್ದವು, ದೊಡ್ಡಿ ಇತ್ತು. ಅವರ ಮಂದೆಗಿದ್ದ ಒಂದೇ ಹೋರಿ ಮೇಯಲು ಹೋದದ್ದು ತಿರುಗಿ ಬರಲಿಲ್ಲ. ಹೋರಿ ಇಲ್ಲದ ಮಂದೆ ಎಷ್ಟು ಕಾಲ ಬಾಳೀತು? ಅವಳು ಹಳ್ಳದ ಮಣ್ಣು ತಂದು ನನ್ನನ್ನು ತಿದ್ದಿದಳು. ಹಿಣಿಲಿನ ಹಿಂಬದಿಯಲ್ಲಿ ಅವಳ ಹೆಬ್ಬೆರಳು ಒತ್ತಿದ ಗುರುತು ಇನ್ನೂ ಇದೆ. ಸಗಣಿ ಬೆಂಕಿಯಲ್ಲಿ ಸುಟ್ಟು, ದೊಡ್ಡಿಯ ಬಾಯಲ್ಲಿ ದಾರಿಗೆ ಮುಖ ಮಾಡಿ ನಿಲ್ಲಿಸಿದಳು. ಅವನು ಬರುವವರೆಗೆ ನೋಡುತ್ತಿರು ಎಂದಳು. ಭಾಷೆ ಬೇರೆ, ಅರ್ಥ ಅದೇ.

ನೋಡಿದೆ. ಹೋರಿ ಬರುವ ಮೊದಲೇ ಅವರು ದೊಡ್ಡಿಯಲ್ಲಿ ಗುಡ್ಡೆಯಾಗಿದ್ದ ಸಗಣಿಯ ರಾಶಿಗೆ ಬೆಂಕಿ ಹಚ್ಚಿ, ದನ ಹೊಡೆದುಕೊಂಡು ಹೊರಟುಬಿಟ್ಟರು. ರಾಶಿ ಕುಸಿದು ನನ್ನ ಮೇಲೆ ಬಿತ್ತು. ಕೊಂಬು ಹೋದದ್ದು ಆಗಲೇ. ಹೋರಿ ಬಂತೋ ಇಲ್ಲವೋ? ಈ ಪ್ರಶ್ನೆ ಹಿಡಿದುಕೊಂಡು ಸಾವಿರಾರು ವರ್ಷ ಬೂದಿಯೊಳಗೆ ಕುದಿದೆ. ಮಣ್ಣಿನಲ್ಲಿ ಶಾಂತಿ ಇದೆ ಎನ್ನುವವರನ್ನು ಒಂದು ವಾರ ಹೂಳಿಡಬೇಕು.

ಆಮೇಲಿನ ಜನ ಆ ರಾಶಿ ಸುಟ್ಟು ಉಳಿದ ದಿಬ್ಬವನ್ನು ಯಾವನೋ ರಾಕ್ಷಸನನ್ನು ಸುಟ್ಟ ಬೂದಿ ಎಂದರು. ಎಲ್ಲಿಯ ರಾಕ್ಷಸ? ಅದು ಸಗಣಿ. ಹೊಲಕ್ಕೆ ಒಳ್ಳೆಯದೆಂದು ಗೊತ್ತಾದ ಮೇಲೆ ಅಗೆದು ಒಯ್ಯತೊಡಗಿದರು. ಹಾಗೆ ನಾನು, ಹೊಲಕ್ಕೆ ಬೂದಿ ತುಂಬಲು ಬಂದ ಹುಲಿಗೆವ್ವನ ಬುಟ್ಟಿಗೆ ಬಿದ್ದೆ.

ಅವಳ ಮನೆಯಲ್ಲೂ ಅದೇ ಗೋಳು. ಜೋಡಿ ಎತ್ತುಗಳಲ್ಲಿ ಕೆಂದ ಎಂಬುದು ಸಂತೆಯಿಂದ ಬರುವಾಗ ಹಗ್ಗ ಹರಿದುಕೊಂಡು ಓಡಿಹೋಗಿತ್ತು. ಕರುವಾಗಿದ್ದಾಗಿನಿಂದ ಅವಳೇ ಸಾಕಿದ್ದು. ಗಂಡ ಫಕೀರಪ್ಪ ಹುಡುಕಿ ಸೋತು, ಬೇರೆ ಎತ್ತು ತರುವ ಮಾತೆತ್ತಿದ್ದ. ಆ ಮಾತೆತ್ತಿದ ದಿನ ಅವನಿಗೆ ರೊಟ್ಟಿ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಹಸಿಮಣ್ಣಿನ ಜೋಡಿ ಎತ್ತು ಮಾಡಿ ಪೂಜಿಸಿ, ಆಮೇಲೆ ಹಳ್ಳಕ್ಕೆ ಬಿಡುವುದು ಅಲ್ಲಿನ ರೂಢಿ. ಹುಲಿಗೆವ್ವ ನನ್ನನ್ನು ಹೋದ ವರ್ಷ ಯಾರೋ ಬಿಸಾಡಿದ ಮಣ್ಣೆತ್ತು ಎಂದುಕೊಂಡಳು. ಎತ್ತಂತೆ! ಹೊಟ್ಟೆಯ ಕೆಳಗೆ ಒಮ್ಮೆ ನೋಡುವಷ್ಟೂ ವ್ಯವಧಾನ ಇಲ್ಲ ಈ ಜನಕ್ಕೆ.

"ಇದರ ಕೊಂಬ ಮುರದೈತಿ. ಊನ ಆಗಿದ್ದನ್ನ ಪೂಜಿ ಮಾಡ್ತಾರೇನು?" ಎಂದ ಫಕೀರಪ್ಪ.

"ನಿಮ್ಮ ಹಲ್ಲು ಉದುರ್ಯಾವು. ನಿಮಗ ಉಣ್ಣಾಕ ಹಾಕೂದು ಬಿಟ್ಟೀನೇನು?"

ಅವಳು ಹಸಿಮಣ್ಣಿನಿಂದ ಕೊಂಬು ಅಂಟಿಸಿದಳು, ಪಕ್ಕಕ್ಕೊಬ್ಬ ಜೊತೆಗಾರನನ್ನು ಮಾಡಿಟ್ಟಳು. ಕಡುಬಿನ ಎಡೆಯೂ ಆಯಿತು. ಮರುದಿನ ಇಬ್ಬರನ್ನೂ ಹಳ್ಳಕ್ಕೆ ಬಿಟ್ಟಳು. ಜೊತೆಗಾರ ನೋಡನೋಡುತ್ತ ಕೆಸರಾಗಿಬಿಟ್ಟ. ನನ್ನ ಹೊಸ ಕೊಂಬೂ ಹೋಯಿತು. ನಾನು ಹೋಗಲಿಲ್ಲ, ಸುಟ್ಟ ಮಣ್ಣು ಹೇಗೆ ಕರಗೀತು? ಹುಲಿಗೆವ್ವ ಒತ್ತಿದಳು, ಉಜ್ಜಿದಳು, ಕಾದಳು. ಆಮೇಲೆ ಕಿರುಚಿದಳು.

"ನೋಡ್ರೀ, ಇದು ಹೋಗವಲ್ದು! ನನ್ನ ಕೆಂದನೂ ಹೋಗಿಲ್ಲ!"

ಮನೆಗೆ ತಂದು ಕಿಟಕಿಯಲ್ಲಿ ದಾರಿಗೆ ಮುಖ ಮಾಡಿ ನಿಲ್ಲಿಸಿದಳು. "ಕೆಂದ ಬರೂ ತನಕ ನೋಡ್ಕೊಂತ ನಿಂದ್ರು."

ಅದೇ ಕೆಲಸ, ಅದೇ ಮಾತು.

ಕರಗದ ಎತ್ತಿನ ಸುದ್ದಿ ಊರೂರಿಗೆ ಹಬ್ಬಿತು. ಹಳೆಯ ವಸ್ತುಗಳನ್ನು ಕೂಡಿಸುವ ಕನ್ನಡಕದ ಸಾಹೇಬನೊಬ್ಬ ಜೀಪಿನಲ್ಲಿ ಬಂದ. ನನ್ನನ್ನು ಎತ್ತಿ ಮೊದಲು ಹೊಟ್ಟೆಯ ಕೆಳಗೆ ನೋಡಿದ.

"ಇದು ಎತ್ತಲ್ಲಮ್ಮ, ಹೋರಿ. ಸಾವಿರಾರು ವರ್ಷದ್ದು. ಸರ್ಕಾರಕ್ಕೆ ಸೇರಬೇಕು."

ಅಷ್ಟರಮಟ್ಟಿಗೆ ಅವನ ಮೇಲೆ ಗೌರವ ಬಂತು. ಹುಲಿಗೆವ್ವ ಕಿಟಕಿಗೆ ಅಡ್ಡ ನಿಂತಳು. "ನನ್ನ ಎತ್ತು ಬರ್ಲಿ, ಆಮ್ಯಾಲ ಒಯ್ರಿ."

"ಹಾಗೆಲ್ಲ ಕಾಯೋಕಾಗಲ್ಲಮ್ಮ."

ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದ. ಎರಡನೆಯ ಸಲವೂ ನನ್ನ ಕೆಲಸವನ್ನು ಅರ್ಧಕ್ಕೇ ಬಿಡಿಸಿದರು. ಡಬ್ಬಿ ಒಡೆಯಬೇಕೆನಿಸಿತು.

ಈಗ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಹೆಬ್ಬೆರಳ ಗುರುತು ಜನಕ್ಕೆ ಕಾಣಲಿ ಎಂದು ನನ್ನ ಬೆನ್ನು ಅವರ ಕಡೆಗೆ, ಮುಖ ಗೋಡೆಗೆ. ದಾರಿ ಕಾಯಲು ಹುಟ್ಟಿದವನಿಗೆ ಗೋಡೆ! ಕೆಂದ ಬಂದನೋ? ಆ ಹಳೆಯ ಹೋರಿ ಬಂತೋ? ಯಾರನ್ನು ಕೇಳಲಿ? ಬಂದವರೆಲ್ಲ ನನ್ನ ಹಿಂಭಾಗದ ಫೋಟೋ ತೆಗೆದು ಹೋಗುತ್ತಾರೆ.

ಒಂದು ಮಧ್ಯಾಹ್ನ ಪರಿಚಿತ ದನಿ ಕೇಳಿತು. "ಯವ್ವಾ, ಮಾರಿ ಗ್ವಾಡಿಗೆ ಮಾಡ್ಯಾರಲ್ಲ!"

ಪೆಟ್ಟಿಗೆಗೂ ಗೋಡೆಗೂ ನಡುವೆ ಬೆಕ್ಕು ನುಸುಳುವಷ್ಟು ಜಾಗ. ಹುಲಿಗೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡಡ್ಡ ನುಗ್ಗಿದಳು.

"ಏ ಯವ್ವಾ, ಹೊರಗ ಬಾ! ಗಾಜು ಒಡದೀತು!" ಕಾವಲುಗಾರ ಓಡಿ ಬಂದ.

"ಸುಮ್ಕಿರೋ ತಮ್ಮಾ," ಎಂದ ಫಕೀರಪ್ಪ, "ಆಕಿನ್ನ ತಡದು ಉಳದಾವ್ರ ಇಲ್ಲ."

ಅವಳ ಮೂಗು ಗಾಜಿಗೆ ತಾಗಿತು. ಮೊಳಕೈ ಗೋಡೆಗೆ ತರಚಿತ್ತು.

"ಕೆಂದ ಬಂದ್ನಪಾ. ಹೊಟ್ಟಿ ಬೆನ್ನಿಗೆ ಹತ್ತಿತ್ತು, ಮೈ ತುಂಬಾ ಗಾಯ. ಆದ್ರ ತಾನ ದಾರಿ ಹಿಡದು ಬಂದ. ನೀ ಇನ್ನ ನೋಡಬ್ಯಾಡ, ಮಕ್ಕೋ."

ಕೆಲಸ ಮುಗಿಯಿತು, ಇನ್ನು ಮಲಗು ಎಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ. ಅವಳ ಉಸಿರು ಗಾಜಿನ ಮೇಲೆ ಮಂಜಾಗಿ ನಿಂತು, ನಿಧಾನವಾಗಿ ಆರಿತು.

ನನ್ನನ್ನು ಮಾಡಿದ ಮೊದಲಿನವಳು ಸುದ್ದಿ ಹೇಳಲು ಬರುವುದಿಲ್ಲ. ಗೊತ್ತು, ನಾನು ದಡ್ಡನಲ್ಲ. ಆದರೆ ಅವಳು ಹೇಳಿದ್ದು, ಹೋರಿ ಬರುವವರೆಗೆ ನೋಡು ಎಂದು. ನನ್ನನ್ನು ತಿದ್ದುವಾಗ ಮಲಗಲು ಬರುವಂತೆ ಕಾಲು ಮಡಚಿಯೂ ಇರಲಿಲ್ಲ.

ನಿಂತೇ ಇದ್ದೇನೆ.