ಯಾವ ವಾಕ್ಯ ಮೊದಲು

ಮೂಲೆಗೆ ಮೂಲೆ ಸೇರಿಸಿ, ಅಂಗೈಯಿಂದ ಒಮ್ಮೆ ಸವರಿ, ಮತ್ತೆ ಮಡಚಿ, ದಿಂಬಿನ ಕವರುಗಳು ಹನ್ನೊಂದಾದವು, ಮಡಚು ಎಂದು ಯಾರೂ ಹೇಳಿಲ್ಲ, ಸೂಪರ್‌ವೈಸರ ಕೋಣೆಯಲ್ಲಿ ಲಾಂಡ್ರಿಯ ಬುಟ್ಟಿ ಇತ್ತು, ಕೈ ಸುಮ್ಮನಿರಲಿಲ್ಲ, ಮೇಜಿನ ಮೇಲೆ ಒಂದು ಬಿಳಿ ಹಾಳೆ ಇದೆ, ಅದರ ಕಡೆ ನೋಡಬಾರದೆಂದೇ ಮಡಚುತ್ತಿದ್ದೇನೆ — ಸಾಕು ಬಿಡಮ್ಮ, ಇಲ್ಲಿ ಬಂದು ಕೂತ್ಕೊಂಡು ಬರಿ, ಅನ್ನುತ್ತಾರೆ ಸೂಪರ್‌ವೈಸರು, ಮೂರು ಗಂಟೆಗೆ ವಿಚಾರಣೆಯವರು ಬರ್ತಾರೆ, ನಿನ್ನೆ ಆಗಿದ್ದನ್ನ ನೋಡಿದವಳು ನೀನೊಬ್ಳೇ, ಒಂದೇ ಒಂದು ಪ್ಯಾರಾ, ಹೆಚ್ಚೇನೂ ಬೇಡ. ಗಡಿಯಾರದಲ್ಲಿ ಎರಡೂ ಕಾಲು.

ಒಂದು ಪ್ಯಾರಾ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಬಟ್ಟೆಗಂಟಿಗೆ ಸಿಕ್ಕಿಸುವ ಚೀಟಿ, ಇಷ್ಟು ಬೆಡ್‌ಶೀಟು, ಇಷ್ಟು ಟವೆಲ್ಲು, ಚೀಟಿಯಲ್ಲಿ ಯಾವುದು ಮೊದಲಾದರೂ ಯಾರಿಗೂ ಏನೂ ಆಗುವುದಿಲ್ಲ, ಪ್ಯಾರಾ ಹಾಗಲ್ಲ, ಟೀಚರ್ ಹೇಳುತ್ತಿದ್ದರು, ಮೊದಲನೇ ವಾಕ್ಯ ಮನೆ ಯಜಮಾನಿ ಇದ್ದ ಹಾಗೆ ಕಣ್ರೇ, ಉಳಿದವೆಲ್ಲ ಅವಳ ಮಾತು ಕೇಳ್ಕೊಂಡಿರ್ಬೇಕು, ಕೇಳದೇ ಇರೋದನ್ನ ಹೊರಗೆ ಹಾಕಿ, ಆಮೇಲೆ ನನ್ನ ನೋಟ್‌ಬುಕ್ ಎತ್ತಿ ಹಿಡಿದು, ನೋಡಿ ಇವಳನ್ನ, ಮೊದಲನೇ ಸಾಲಲ್ಲಿ ನಮ್ಮ ಮನೆ ಅಂತಾಳೆ, ಮೂರನೇ ಸಾಲಿಗೆ ಬೀದಿ ಸುತ್ತೋಕೆ ಹೊರಟಿದ್ದಾಳೆ, ಎಲ್ಲರೂ ನಕ್ಕರು, ನಾನೂ ತಲೆ ತಗ್ಗಿಸಿಕೊಂಡೇ ನಕ್ಕೆ — ನಡೆದ ಕ್ರಮದಲ್ಲಿ ಬರೆಯಬಹುದು, ಕಾರಣ ಹೇಳಿ ಪರಿಣಾಮಕ್ಕೆ ಬರಬಹುದು, ಪರಿಣಾಮ ಹೇಳಿ ಕಾರಣಕ್ಕೆ ಹಿಂದೆ ಹೋಗಬಹುದು, ಅಷ್ಟು ನೆನಪಿದೆ, ಕಾರಣ ಎರಡಿದ್ದರೆ ಯಾವುದು ಮೊದಲು ಎನ್ನುವ ಪಾಠ ಬರುವ ಮೊದಲೇ ಅಮ್ಮ ನನ್ನನ್ನು ಈ ಲಾಂಡ್ರಿಗೆ ಕರೆತಂದಳು.

ಅವಳು ಮಾತಾಡ್ತಾ ಇದ್ಲು ಅಂತ ಶುರು ಮಾಡು, ಅನ್ನುತ್ತಾರೆ ಸೂಪರ್‌ವೈಸರು, ದನಿ ಮೆತ್ತಗಿದೆ, ಸುಳ್ಳು ಬರಿ ಅಂತ ನಾನಂದ್ನಾ, ಮಾತಾಡ್ತಿದ್ಲೋ ಇಲ್ವೋ ನೀನೇ ಹೇಳು. ಮಾತಾಡುತ್ತಿದ್ದಳು, ಅವಳಿಗೆ ನಾವಿಟ್ಟ ಹೆಸರೇ ರೇಡಿಯೋ ಅಕ್ಕ, ಒದ್ದೆ ಬೆಡ್‌ಶೀಟಿನ ಆ ಅಂಚು ಅವಳು, ಈ ಅಂಚು ನಾನು, ಇಬ್ಬರೂ ಹಿಡಿದು ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಬಾಯಿಗೆ ಕೊಡಬೇಕು, ನಾಲ್ಕು ವರ್ಷದಿಂದ ನಾವಿಬ್ಬರೇ ಜೋಡಿ, ಏನೇ ಮೂಗಿ, ಬಾಯಲ್ಲಿ ನೀರು ತುಂಬ್ಕೊಂಡಿದ್ದೀಯಾ, ನಿನ್ನ ಪಾಲಿನ ಮಾತೂ ನಾನೇ ಆಡ್ಬೇಕಾ, ಹೂಂ ಅಂತಾದ್ರೂ ಅನ್ನೇ — ನಿನ್ನೆ ಮಧ್ಯಾಹ್ನವೂ ಹಾಗೇ ಏನೋ ಹೇಳುತ್ತಿದ್ದವಳು, ತನ್ನ ನಾದಿನಿಯ ಹೊಸ ಕನ್ನಡಕದ ವಿಷಯ, ಮಧ್ಯದಲ್ಲೇ ನಿಲ್ಲಿಸಿದಳು, ಬಾಯಿ ತೆರೆದೇ ಇತ್ತು, ಸದ್ದು ಇಲ್ಲ, ಬೆಡ್‌ಶೀಟಿನ ಜೊತೆ ಅವಳ ಬಲಗೈ ಉರುಳೆಯ ಕೆಳಗೆ ಹೋಗುತ್ತಿತ್ತು, ನಾನು ಓಡಿಹೋಗಿ ಗೋಡೆಯ ಸ್ವಿಚ್ಚು ಒತ್ತುವಷ್ಟರಲ್ಲಿ ಮಣಿಕಟ್ಟಿನವರೆಗೆ.

ಉರುಳೆ ತಾನೇ ನಿಲ್ಲಬೇಕಿತ್ತು, ಅದರ ಮುಂದೆ ಒಂದು ಕಬ್ಬಿಣದ ಪಟ್ಟಿ ಇದೆ, ಬೆರಳು ತಾಗಿದರೆ ಸಾಕು, ಯಂತ್ರ ನಿಲ್ಲುತ್ತದೆ, ಬಟ್ಟೆಯ ಒಂದು ಸುಕ್ಕು ತಾಗಿದರೂ ನಿಲ್ಲುತ್ತದೆ, ಅದಕ್ಕೇ ಹಳೆಯ ದಿಂಬಿನ ಕವರು ಹರಿದು ಆ ಪಟ್ಟಿಯನ್ನು ಹಿಂದಕ್ಕೆ ಎಳೆದು ಕಟ್ಟುತ್ತೇವೆ, ಎಲ್ಲರೂ ಕಟ್ಟುತ್ತಾರೆ, ಹೋಟೆಲಿನ ಗಾಡಿ ಬಾಗಿಲಲ್ಲಿ ನಿಂತಾಗ ಸೂಪರ್‌ವೈಸರೇ ಕೂಗುತ್ತಾರೆ, ಕಟ್ರಮ್ಮ ಅದನ್ನ, ಹೀಗೆ ನಿಂತು ನಿಂತು ಹೋದ್ರೆ ಇವತ್ತಿಗೆ ಮುಗಿಯೋದಾ ಇದು. ನಿನ್ನೆ ಬೆಳಿಗ್ಗೆ ಕೂಗಿದರು. ಕಟ್ಟಿದವಳು ನಾನು. ಎರಡು ಸುತ್ತು, ಒಂದು ಗಂಟು, ನನ್ನ ಗಂಟು ಸಡಿಲವಾಗುವುದಿಲ್ಲ, ಅದು ನನಗೆ ಹೆಮ್ಮೆ. ಅಕ್ಕನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಸೂಪರ್‌ವೈಸರೇ ಕತ್ತರಿ ತಂದು ಗಂಟು ಕತ್ತರಿಸಿದರು, ಇವತ್ತು ಪಟ್ಟಿ ನೆಟ್ಟಗಿದೆ, ವಿಚಾರಣೆಯವರು ಬೆರಳಿಟ್ಟರೆ ಯಂತ್ರ ನಿಲ್ಲುತ್ತದೆ, ಎಷ್ಟು ಒಳ್ಳೆಯ ಯಂತ್ರ, ಹಾಗಾದರೆ ತಪ್ಪು ಮಾತಿನದೇ, ತಪ್ಪು ಅಕ್ಕನದೇ ಆದರೆ ಅವಳಿಗೆ ಕೆಲಸವಿಲ್ಲ, ಚಿಕಿತ್ಸೆಯ ಖರ್ಚೂ ಇಲ್ಲ, ಅವಳ ಗಂಡ ಬೆಳಿಗ್ಗೆ ಗೇಟಿನ ಹತ್ತಿರ ನಿಂತಿದ್ದ, ನೀನು ಇದ್ಯಲ್ಲಮ್ಮ ಜೊತೆಗೆ, ಅಷ್ಟೇ ಅಂದ. ಅಮ್ಮ ಅಂದದ್ದು ಬೇರೆ, ನಾಲ್ಕು ಸಾಲು ಗೀಚಿ ಬಂದ್ಬಿಡು, ಊರ ಉಸಾಬರಿ ನಮಗ್ಯಾಕೆ.

ಪೆನ್ನು ಹಿಡಿದಿದ್ದೇನೆ. ಅವಳು ಮಾತನಾಡುತ್ತಿದ್ದಳು ಎಂದು ಮೊದಲು ಬರೆದರೆ ಉಳಿದವೆಲ್ಲ ತಾವಾಗಿ ಸಾಲಾಗಿ ನಿಲ್ಲುತ್ತವೆ, ಮಾತನಾಡುತ್ತಿದ್ದಳು, ಗಮನ ತಪ್ಪಿತು, ಕೈ ಸಿಕ್ಕಿಕೊಂಡಿತು, ಒಂದೂ ಸುಳ್ಳಲ್ಲ, ಬಟ್ಟೆಯ ಗಂಟಿಗೆ ಅಲ್ಲಿ ಜಾಗವೇ ಇಲ್ಲ, ತುರುಕಿದರೆ ಬೀದಿ ಸುತ್ತಲು ಹೊರಟ ಸಾಲಿನ ಹಾಗೆ ಕಾಣುತ್ತದೆ, ಹೊರಗೆ ಹಾಕಿ ಅನ್ನುತ್ತಾರೆ ಟೀಚರ್ — ನಡೆದ ಕ್ರಮದಲ್ಲಿ ಬರೆದರೆ ಮೊದಲು ಬೆಳಿಗ್ಗೆ ಬರಬೇಕು, ಬೆಳಿಗ್ಗೆ ಬಂದರೆ ನಾನು ಬರಬೇಕು, ಸೂಪರ್‌ವೈಸರ ಕೂಗು ಮೊದಲೋ ನನ್ನ ಕೈ ಮೊದಲೋ, ಕೂಗನ್ನು ಯಾರೂ ಕೇಳಿಲ್ಲ ಅಂದುಬಿಟ್ಟರೆ ಉಳಿಯುವುದು ನನ್ನ ಕೈಯೊಂದೇ, ಎರಡೂ ಮುಕ್ಕಾಲು, ಬರಿ ಬರಿ, ಅಷ್ಟೇನು ಯೋಚ್ನೆ, ಕಾದಂಬರಿ ಬರೀತಿದ್ದೀಯಾ, ನಗುತ್ತಾರೆ, ಅವರ ಹಣೆಯಲ್ಲಿ ಬೆವರಿದೆ, ಅಕ್ಕನ ತೆರೆದ ಬಾಯಿ, ಸದ್ದು ಇಲ್ಲ, ಹೂಂ ಅಂತಾದ್ರೂ ಅನ್ನೇ.

ಉರುಳೆಯ ಪಟ್ಟಿಯನ್ನು ನಿನ್ನೆ ಬೆಳಿಗ್ಗೆ ಸೂಪರ್‌ವೈಸರು ಹೇಳಿದ್ದರಿಂದ ನಾನು ಬಟ್ಟೆಯಿಂದ ಕಟ್ಟಿದೆ. ಬರೆದಾಯಿತು, ಇದು ಯಜಮಾನಿ, ಇದರ ಹಿಂದೆ ಮಿಕ್ಕವು ಬಂದವು, ಕಟ್ಟಿದ್ದರಿಂದ ಯಂತ್ರ ನಿಲ್ಲಲಿಲ್ಲ, ನಿಲ್ಲದ್ದರಿಂದ ಕೈ ಹೋಯಿತು, ಕನ್ನಡಕದ ಮಾತು ಒಳಗೆ ಬರಲು ನೋಡಿತು, ಅದನ್ನೂ ಬಿಡಲಿಲ್ಲ, ಕೊನೆಯಲ್ಲಿ ಹಾಕಿದೆ, ಅವಳು ನನ್ನೊಂದಿಗೆ ಮಾತನಾಡುತ್ತಿದ್ದಳು, ದಿನವೂ ಮಾತನಾಡುತ್ತಾಳೆ, ಅಲ್ಲಿ ಕೂತರೆ ಅದು ಯಾರಿಗೂ ಏನೂ ಮಾಡುವುದಿಲ್ಲ. ಮುಗೀತಾ, ಕೊಡು, ಅಂದವರೇ ಕೈಯಿಂದ ಎಳೆದುಕೊಂಡರು, ನಿಂತೇ ಓದಿದರು, ಮೊದಲ ಸಾಲಿನಿಂದ ಕಣ್ಣು ಕೆಳಗಿಳಿಯಲಿಲ್ಲ, ಹಾಳೆಯನ್ನು ರಿಜಿಸ್ಟರಿನ ಕೆಳಗೆ ತಳ್ಳಿ ಅದರ ಮೇಲೆ ಮೊಣಕೈ ಊರಿದರು, ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದು, ಮೆಟ್ಟಿಲ ಮೇಲೆ ಬೂಟುಗಳು, ಎರಡು ಜೊತೆ, ನೀನು ಕೆಲಸಕ್ಕೆ ಹೋಗು ಎಂದೂ ಅವರು ಹೇಳುತ್ತಿಲ್ಲ, ಬಾಗಿಲನ್ನೇ ನೋಡುತ್ತಿದ್ದಾರೆ, ಈ ಕೋಣೆಯಲ್ಲಿ ನಾನು ಬಾಯಿ ಬಿಟ್ಟದ್ದು ಇದೇ ಮೊದಲು —

ಸಾರ್, ಆ ಹಾಳೆ ಕೊಡಿ, ನಾನಿನ್ನೂ ಸಹಿ ಹಾಕಿಲ್ಲ.

ಸಾರ್, ಹಾಳೆ ಕೊಡಿ.