ತೀರ್ಥ ಕುಡಿದ ಕಾರು

ನಾನು ಹುಟ್ಟಿದ್ದು ದೂರದ ಊರಿನ ಒಂದು ಕಾರ್ಖಾನೆಯಲ್ಲಿ. ಹುಟ್ಟುವಾಗ ಬರೀ ತಗಡು. ಒತ್ತಿ, ಬಗ್ಗಿಸಿ, ಬೆಸೆದು, ಹಾಲಿನ ಕೆನೆಯ ಬಣ್ಣ ಬಳಿದ ಮೇಲೆ ಕಾರು.

ನನ್ನ ಮೊದಲ ಯಜಮಾನರು ಹಾಸನದ ಒಬ್ಬ ಡಾಕ್ಟರು. ನಾನು ಯಾರ ಮನೆ ಮುಂದೆ ನಿಂತರೂ ನೆರೆಯವರು ಗಾಬರಿಯಿಂದ ಇಣುಕುತ್ತಿದ್ದರು. ಎರಡನೆಯವರು ಮಲ್ಪೆಯ ಮೀನು ವ್ಯಾಪಾರಿ. ಅವರ ಕಾಲದಲ್ಲಿ ಬಂಗುಡೆ ಬುಟ್ಟಿಗಳು ಹಿಂದಿನ ಸೀಟಿನಲ್ಲಿ ನೆಂಟರಂತೆ ಕೂತು ಪ್ರಯಾಣ ಮಾಡಿದವು. ಕಡಲಿನ ಉಪ್ಪುಗಾಳಿ ನನ್ನ ಮೈಗೆ ಹತ್ತಿದ್ದು ಅಲ್ಲಿಯೇ.

ಮೂರನೆಯವರು ಉಡುಪಿಯ ಅನಂತಪದ್ಮನಾಭ ಐತಾಳರು, ಅಂಚೆ ಕಚೇರಿಯಿಂದ ನಿವೃತ್ತರಾದ ಸಾಧು ಮನುಷ್ಯರು. ಆಕಾರ ನೋಡಿ ಮೆಚ್ಚಿ ನನ್ನನ್ನು ಕೊಂಡರು. ವಾಸನೆ ಗೊತ್ತಾದದ್ದು ಮನೆಗೆ ತಂದ ಮೇಲೆ.

ಅವರ ಹೆಂಡತಿ ವಾರಿಜಮ್ಮ ಮೂಗಿಗೆ ಸೆರಗು ಹಿಡಿದು, "ಇದನ್ನು ತುಳಸಿಕಟ್ಟೆಯ ಹತ್ರ ಮಾತ್ರ ತರ್ಬೇಡಿ" ಎಂದರು.

ಶುದ್ಧಿಗೆಂದು ಆ ಶುಕ್ರವಾರ ಅರಸಿನ ನೀರಿನ ಅಭಿಷೇಕವಾಯಿತು. ವಾಸನೆ ಒಂದು ವರ್ಷದಲ್ಲಿ ಹೋಯಿತು. ಶುಕ್ರವಾರದ ಅಭಿಷೇಕ ಇಪ್ಪತ್ತೆರಡು ವರ್ಷ ನಿಲ್ಲಲಿಲ್ಲ. ಐತಾಳರಿಗೆ ಬಾಲ್ಯದಿಂದಲೂ ಷಟ್ಪದಿಗಳು ಬಾಯಿಪಾಠ. ಪದ್ಯಕ್ಕೊಂದು ಚೆಂಬು ನೀರು. ಯುದ್ಧದ ಸಂಧಿ ಬಂದರೆ ಎರಡು ಕೊಡಪಾನವೇ ಬೇಕು. ಮುಂದಿನ ಗಾಜಿನ ಬುಡದಲ್ಲಿ ಗಾಳಿಗೆಂದು ಇರುವ ಜಾಲರಿಯೇ ನನ್ನ ನೆತ್ತಿ ಎಂದು ಅವರ ನಂಬಿಕೆ. ಅಲ್ಲಿಗೇ ನೀರು, ಅಲ್ಲಿಗೇ ತುಳಸಿ, ಅಕ್ಷತೆ. ನನಗೆ ಸುಖವಾಗುತ್ತಿತ್ತು, ಸುಳ್ಳು ಹೇಳಲಾರೆ. ಒಳಗೆ ಹೋದದ್ದು ಎಲ್ಲಿ ಹೋಯಿತೆಂದು ನಾನೂ ವಿಚಾರಿಸಲಿಲ್ಲ.

ಒಂದು ದಿನ ದೇವಸ್ಥಾನದ ಮುಂದೆ ನಿಂತಾಗ ವಾರಿಜಮ್ಮ ಇಳಿಯಲೆಂದು ಕಾಲೂರಿದರು. ಕಾಲು ಸೀದಾ ರಸ್ತೆಗೆ ತಾಗಿತು. ಬಾಗಿಲು ಇನ್ನೂ ತೆರೆದಿರಲಿಲ್ಲ.

"ರೀ, ನಾನೀಗ ಇಳಿದ ಹಾಗಾ, ಇಲ್ವಾ?" ಎಂದು ಕೇಳಿದರು.

ಐತಾಳರು ಬಗ್ಗಿ, ತುಕ್ಕು ತಿಂದು ತೂತಾದ ನನ್ನ ತಳ ನೋಡಿ ಬೆವೆತರು. ನನ್ನ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಮುಂದಿನ ಬುಧವಾರ ತಪಾಸಣೆ. ಅದರಲ್ಲಿ ಸೋತರೆ ನನಗೆ ಗುಜರಿಯೇ ಗತಿ.

ಮರುದಿನವೇ ನನ್ನನ್ನು ಟಿಂಕರಿಂಗ್ ಮಾಡುವ ಗ್ರೆಗರಿಯವರ ಶೆಡ್ಡಿಗೆ ಒಯ್ದರು. ಗ್ರೆಗರಿಯವರು ಸಣ್ಣ ಸುತ್ತಿಗೆಯಿಂದ ಮೈಯೆಲ್ಲ ತಟ್ಟಿ, ಕಿವಿಗೊಟ್ಟು ಕೇಳಿದರು.

"ಟಣ್ ಅಂದ್ರೆ ಜೀವ ಉಂಟು. ದೊಪ್ಪ ಅಂದ್ರೆ ಇಲ್ಲ."

ಬಾಗಿಲ ಕೆಳಗಿನ ಪಟ್ಟಿಗೆ ತಟ್ಟಿದಾಗ ಎರಡೂ ಕೇಳಲಿಲ್ಲ. ಸುತ್ತಿಗೆಯೇ ಒಳಗೆ ಹೋಗಿತ್ತು.

"ಪುಟ್ಟಿ ಮೆತ್ತಿ ಬಣ್ಣ ಹೊಡೆದ್ರೆ ಆಗ್ಲಿಕ್ಕಿಲ್ವಾ?" ಎಂದರು ಐತಾಳರು.

"ಇನ್ಸ್‌ಪೆಕ್ಟರು ಹೆಬ್ಬೆರಳಿಟ್ಟು ಒತ್ತಿ ನೋಡುವವರು ಐತಾಳ್ರೇ. ಅವರ ಬೆರಳು ಒಳಗೆ ಹೋದ್ರೆ ನಿಮ್ಮ ಕಾರು ಹೊರಗೆ ಹೋಗ್ತದೆ."

ಪಟ್ಟಿಯನ್ನು ಕತ್ತರಿಸಿ ತೆರೆದರು. ಒಳಗಿನಿಂದ ಕಪ್ಪು ಗೊಬ್ಬರದಂಥದ್ದು ಸುರಿಯಿತು: ತುಳಸಿ, ಅಕ್ಷತೆ, ಅರಸಿನದ ಚೂರು, ಆಯುಧಪೂಜೆಯ ಲಿಂಬೆಹಣ್ಣಿನ ಒಣಗಿದ ಸಿಪ್ಪೆ. ಇಪ್ಪತ್ತೆರಡು ವರ್ಷದ ಶುಕ್ರವಾರಗಳು ನೀರು ಹೋಗುವ ದಾರಿಯನ್ನೆಲ್ಲ ಕಟ್ಟಿ ಕೂತಿದ್ದವು.

ಐತಾಳರು ಬಗ್ಗಿ ಲಿಂಬೆಯ ಸಿಪ್ಪೆಯೊಂದನ್ನು ಕೈಗೆತ್ತಿಕೊಂಡರು.

"ಹಾಗಾದ್ರೆ ಇದಕ್ಕೆ ತುಕ್ಕು ಹಿಡಿಸಿದ್ದು ನಾನಾ?"

ಗ್ರೆಗರಿಯವರು ಅವರ ಮುಖ ನೋಡದೆ, "ನೀವೊಬ್ಬರೇ ಅಲ್ಲ. ಅರ್ಧ ಸಮುದ್ರದ ಉಪ್ಪು" ಎಂದರು.

ಬಿದ್ದದ್ದನ್ನು ಅವರು ಕಸವೆಂದು ಗುಡಿಸಲು ಹೋದಾಗ ಐತಾಳರು ತಡೆದರು. ಅದು ನಿರ್ಮಾಲ್ಯ, ಯಾರೂ ತುಳಿಯಬಾರದು. ಕೆಲಸ ನಿಂತಿತು. ಮನೆಯಿಂದ ಹರಿವಾಣ ತರಿಸಿ, ಎಲ್ಲವನ್ನೂ ಬಾಚಿ, ತೆಂಗಿನ ಬುಡಕ್ಕೆ ಹಾಕಿಸಿದರು. ಯಾವುದು ತುಳಸಿ, ಯಾವುದು ತಗಡು ಎಂದು ಬೇರೆ ಮಾಡಲಾಗಲಿಲ್ಲ. ಹೀಗೆ ನನ್ನ ಒಂದು ಪಾಲು ಪೂಜ್ಯಸ್ಥಾನ ಸೇರಿತು.

ಗ್ರೆಗರಿಯವರು ಟಣ್ ಎನ್ನುವ ಜಾಗ ಸಿಗುವವರೆಗೆ ನನ್ನನ್ನು ಕತ್ತರಿಸಿದರು. ತಳಕ್ಕೂ ಪಟ್ಟಿಗೂ ಹೊಸ ತಗಡನ್ನು ಮರದ ಮೇಲಿಟ್ಟು ಬಡಿದು ನನ್ನ ಅಳತೆಗೆ ಬಗ್ಗಿಸಿದರು. ಬೆಸೆಯುವಾಗ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಒದ್ದೆ ಬಟ್ಟೆ. ಒಂದೇ ಕಡೆ ಕಾಯಿಸಿದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದಂತೆ. ಕಿಡಿ ಹಾರಿದಾಗಲೆಲ್ಲ ಐತಾಳರು ಕಣ್ಣು ಮುಚ್ಚಿಕೊಂಡರು. ಆ ನಾಲ್ಕು ದಿನ ಅವರ ಬಾಯಿಂದ ಒಂದು ಪದ್ಯವೂ ಬರಲಿಲ್ಲ. ಬೆಂಕಿಗಿಂತ ನನಗೆ ಅದೇ ಹೆಚ್ಚು ಸುಟ್ಟಿತು.

ಬುಧವಾರ ಇನ್ಸ್‌ಪೆಕ್ಟರು ಹೆಬ್ಬೆರಳಿಟ್ಟು ಒತ್ತಿದರು. ನಾನು ಗಟ್ಟಿಯಾಗಿ ನಿಂತೆ. ಇನ್ನೊಮ್ಮೆ ಒತ್ತಿ ಬೆರಳು ಕೊಡವಿಕೊಂಡರು. ಆಮೇಲೆ ಬಗ್ಗಿ ಪಟ್ಟಿಯ ಅಡಿ ನೋಡಿದರು.

"ಇದೇನು, ಇಲ್ಲಿ ತೂತು? ತುಕ್ಕಾ?"

ಐತಾಳರೂ ಬಗ್ಗಿ ನೋಡಿದರು; ಆ ತೂತು ಅವರಿಗೂ ಹೊಸತು.

ಜತೆಗೆ ಬಂದಿದ್ದ ಗ್ರೆಗರಿಯವರು ಮುಂದೆ ಬಂದರು. "ತುಕ್ಕಲ್ಲ ಸರ್, ನಾನೇ ಕೊರೆದದ್ದು. ಇವರು ಅಭಿಷೇಕ ಬಿಡುವ ಜನ ಅಲ್ಲ. ತೀರ್ಥಕ್ಕೆ ಹೊರಗೆ ಹೋಗ್ಲಿಕ್ಕೆ ಒಂದು ದಾರಿ ಬೇಕಲ್ಲ."

ಇನ್ಸ್‌ಪೆಕ್ಟರು ಇಬ್ಬರ ಮುಖವನ್ನೂ ಒಂದು ಸಲ ನೋಡಿದರು. ಮತ್ತೇನೂ ಕೇಳದೆ ಸಹಿ ಹಾಕಿದರು.

ಶುಕ್ರವಾರ ಬಂತು. ಐತಾಳರು ಚೆಂಬು ಹಿಡಿದು ಅನುಮಾನಿಸುತ್ತ ನಿಂತರು. ಕೊನೆಗೆ ಒಂದೇ ಒಂದು ಪದ್ಯ, ಬಹಳ ನಿಧಾನವಾಗಿ. ನೀರು ನನ್ನ ನೆತ್ತಿಯಿಂದ ಇಳಿದು, ಒಳಗೆಲ್ಲ ಸುತ್ತಿ, ತೂತಿನಿಂದ ತೊಟ್ಟಿಕ್ಕಿತು.

ನನಗೀಗ ವಯಸ್ಸಾಗಿದೆ, ಹೆಚ್ಚು ದೂರ ಓಡಲಾರೆ. ಪ್ರೀತಿಯಿಂದ ಕೊಟ್ಟದ್ದೆಂದು ಎಲ್ಲವನ್ನೂ ಒಳಗೇ ಹಿಡಿದಿಟ್ಟುಕೊಂಡು ಇಷ್ಟು ವರ್ಷ ಕೊಳೆತೆನಲ್ಲ ಎಂದು ಆ ಕ್ಷಣ ನನಗೆ ನಗು ಬಂತು.

ಐತಾಳರು ಕುಕ್ಕರುಗಾಲಲ್ಲಿ ಕೂತು, ತೂತಿನ ಕೆಳಗೆ ಅಂಗೈ ಒಡ್ಡಿ, ಬಿದ್ದದ್ದನ್ನು ಕುಡಿದು, ಕೈಯನ್ನು ತಲೆಗೆ ಒರಸಿಕೊಂಡರು.

"ರೀ, ಅದ್ರಲ್ಲಿ ಗ್ರೀಸ್ ಉಂಟು" ಎಂದರು ವಾರಿಜಮ್ಮ.

"ಸ್ವಲ್ಪ ಉಂಟು" ಎಂದು ಐತಾಳರು ಎರಡನೆಯ ಪದ್ಯ ಶುರು ಮಾಡಿದರು.