ದೇಚಮ್ಮನ ಅಳತೆ

ನಾನು ಒಂದು ರೇಸ್ ಕಾರಿನ ಆಸನ. ಪ್ಲಾಸ್ಟಿಕ್ ಚೀಲವೊಂದರಲ್ಲಿ ಎರಡು ದ್ರವಗಳು ಬೆರೆತು, ಬಿಸಿಯಾಗಿ ನೊರೆಯೇಳುತ್ತಿದ್ದಾಗ, ಕಾರಿನೊಳಗೆ ಒರಗಿ ಕುಳಿತಿದ್ದ ದೇಚಮ್ಮ ಎಂಬ ಯುವ ಚಾಲಕಿಯ ಬೆನ್ನಿನ ಕೆಳಗೆ ನಾನು ಹುಟ್ಟಿದೆ. ನಾನು ಗಟ್ಟಿಯಾಗುವವರೆಗೆ ಆಕೆ ಅಲುಗಾಡುವಂತಿರಲಿಲ್ಲ.

"ಸುಡ್ತಾ ಇದೆ, ಇಮ್ತಿಯಾಜ್ ಭಾಯ್."

"ಸುಡ್ಲಿ ಬಿಡಿ ಮೇಡಂ. ಈಗ ಅಳ್ಳಾಡಿದ್ರೆ ವರ್ಷವಿಡೀ ಸೊಂಟ ಬೈಯುತ್ತೆ," ಎಂದ ಮೆಕ್ಯಾನಿಕ್.

ಹೀಗೆ ಆಕೆಯ ದೇಹದ ಅಚ್ಚು ನನ್ನೊಳಗೆ ಉಳಿಯಿತು. ತಿರುವಿನಲ್ಲಿ ಕಾರು ಜಾರತೊಡಗಿದ್ದನ್ನು ಚಾಲಕಿ ಮೊದಲು ತಿಳಿಯುವುದು ಕಣ್ಣಿನಿಂದಲ್ಲ, ಸೊಂಟದಿಂದ. ಸೊಂಟಕ್ಕೂ ನನಗೂ ನಡುವೆ ಬೆರಳಿನಷ್ಟು ಸಂದು ಇದ್ದರೂ ಆ ಸುದ್ದಿ ತಡವಾಗುತ್ತದೆ.

ಅದು ಮಹಿಳೆಯರಿಗೆಂದೇ ಆರಂಭವಾದ ರೇಸ್ ಸರಣಿ. ಗೆದ್ದವಳಿಗೆ ಮುಂದಿನ ವರ್ಷ ಮುಖ್ಯ ಸರಣಿಯಲ್ಲಿ, ಗಂಡಸರ ಜೊತೆ, ಇದೇ ಕಾರು ಓಡಿಸುವ ಅವಕಾಶ ಎಂದು ತಂಡದ ಮಾಲೀಕ ಸಂಪತ್ ವೇದಿಕೆಯ ಮೇಲೆ ಹೇಳಿದ್ದ. ದೇಚಮ್ಮ ಗೆದ್ದಳು. ಪ್ರಾಯೋಜಕರು ಆಕೆಗೆ ತಮ್ಮ ಟೋಪಿ ತೊಡಿಸಿ ಫೋಟೊ ತೆಗೆಸಿಕೊಂಡರು. ಆಮೇಲೆ ಮಹಿಳಾ ಸರಣಿಗೆ ಪ್ರಾಯೋಜಕರು ಉಳಿಯಲಿಲ್ಲ, ಸರಣಿಯೂ ಉಳಿಯಲಿಲ್ಲ.

ಮುಖ್ಯ ಸರಣಿಯ ಮೊದಲ ರೇಸಿಗೆ ಆಕೆ ಹೆಲ್ಮೆಟ್ ಹಿಡಿದು ಬಂದಾಗ, ಪ್ರಾಯೋಜಕರೊಬ್ಬರ ಮಗ ಧೀರಜ್ ನನ್ನೊಳಗೆ ತುರುಕಿಕೊಂಡು ಕುಳಿತಿದ್ದ.

"ಬೇಜಾರ್ ಮಾಡ್ಕೋಬೇಡಮ್ಮ, ಮುಂದೆ ನೋಡೋಣ," ಎಂದ ಸಂಪತ್. "ಇವನಿಗೆ ಟ್ರ್ಯಾಕ್ ಹೊಸದು. ಎಲ್ಲೆಲ್ಲಿ ಬ್ರೇಕ್ ಹಾಕ್ಬೇಕು, ಸ್ವಲ್ಪ ಹೇಳ್ಕೊಡು."

"ಸೀಟು ಸೊಂಟಕ್ಕೆ ಒತ್ತುತ್ತೆ ಅಂಕಲ್," ಎಂದ ಧೀರಜ್.

"ಪಕ್ಕ ಸ್ವಲ್ಪ ಕೆತ್ತಪ್ಪ, ಇಮ್ತಿಯಾಜ್," ಎಂದ ಸಂಪತ್.

ಇಮ್ತಿಯಾಜ್ ದೇಚಮ್ಮನ ಮುಖ ನೋಡದೆ ಚಾಕು ತೆಗೆದ. ನನ್ನ ಎರಡೂ ಪಕ್ಕೆಗಳು ಹೋಳುಹೋಳಾಗಿ ನೆಲಕ್ಕೆ ಬೀಳುತ್ತಿದ್ದಾಗ, 'ಮುಂದೆ ನೋಡೋಣ' ಎಂಬ ಮಾತನ್ನು ನಂಬಿ, ಆಕೆ ಆ ಹುಡುಗನಿಗೆ ಒಂದೊಂದೇ ತಿರುವನ್ನು ವಿವರಿಸುತ್ತಿದ್ದಳು.

ಪ್ರತಿ ರೇಸಿನಲ್ಲೂ ಹಿಂದೆ ಬಿದ್ದು ಧೀರಜ್‌ಗೆ ಬೇಸರ ಬಂದಿತು. ಕೊನೆಯ ರೇಸಿಗೆ ಆತ ಬರಲಿಲ್ಲ. ಆ ಬೆಳಿಗ್ಗೆ ದೇಚಮ್ಮನಿಗೆ ಕರೆ ಹೋಯಿತು. ಹೊಸ ಆಸನ ಎರೆಯಲು ಸಾಮಗ್ರಿಯಿರಲಿಲ್ಲ. ಇಮ್ತಿಯಾಜ್ ಸಂದುಗಳಿಗೆ ಟವೆಲ್ ಮಡಚಿ ತುರುಕಿದ.

"ಇದು ನಂದೇ ಸೀಟಲ್ವಾ ಭಾಯ್?"

"ನಿಮ್ದೇ ಮೇಡಂ," ಎಂದವನು ಸೀಟ್ ಬೆಲ್ಟಿನ ಪಟ್ಟಿಯನ್ನು ಮತ್ತಷ್ಟು ಬಿಗಿದ.

ವೇಗದ ಬಲತಿರುವಿನಲ್ಲಿ ಟವೆಲ್ ಸರಿಯಿತು. ಹಿಂದಿನ ಚಕ್ರಗಳು ಜಾರತೊಡಗಿದ್ದು ನನಗೆ ತಿಳಿಯಿತು. ಅದನ್ನು ಆಕೆಗೆ ತಲುಪಿಸುವ ಪಕ್ಕೆ ನನಗಿರಲಿಲ್ಲ. ಕಾರು ಗಿರಕಿ ಹೊಡೆದು ಟೈರುಗಳ ಗೋಡೆಗೆ ಬಡಿಯಿತು. ಆಕೆ ಕುಂಟುತ್ತಾ ಮರಳಿದಾಗ ಸಂಪತ್ ಪತ್ರಕರ್ತರಿಗೆ ಹೇಳುತ್ತಿದ್ದ: "ನಾವು ಅವಕಾಶ ಕೊಡ್ಲಿಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ. ಅವರ ಕೈಲಿ ಆಗ್ಬೇಕಲ್ಲ."

ಈಗ ನಾನು ವರ್ಕ್‌ಶಾಪಿನ ಮೂಲೆಯಲ್ಲಿದ್ದೇನೆ. ಕಾವಲುಗಾರನ ನಾಯಿ ನನ್ನೊಳಗೆ ಮಲಗುತ್ತದೆ. ದೇಚಮ್ಮನ ಬೆನ್ನಿನ ಅಚ್ಚು ಇನ್ನೂ ಅಳಿದಿಲ್ಲ. ಪಕ್ಕೆಯ ಕಡೆ ಮಾತ್ರ ಸಡಿಲ. ನಾಯಿಗೆ ಅದು ಅನುಕೂಲ.